ಹದಿನೇಳನೇ ಸೀಸೆ

ಪಟ್ಟಿಯನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟದ್ದು ಒಂದಲ್ಲ ಒಂದು ದಿನ ಯಾರದೋ ಕೈಗೆ ಸಿಗುತ್ತದೆ. ಅದು ಮಗ್ಗಿಯ ಹಾಗೆ ಬಾಯಿಂದ ಬಾಯಿಗೆ ಬಂದದ್ದು. ಮೂರು, ಎಂಟು, ಹದಿನೇಳು, ಇಪ್ಪತ್ತೆರಡು, ಇಪ್ಪತ್ತಾರು, ಮೂವತ್ತೊಂದು... ಹೀಗೆ ಐವತ್ತೊಂಬತ್ತರವರೆಗೆ ಹನ್ನೆರಡು ಸಂಖ್ಯೆಗಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ತಲೆಗವಸಿನ ದಾರ ಬಿಗಿದುಕೊಳ್ಳುತ್ತ ದೊಡ್ಡಮ್ಮ ಹೊಸಬರಿಗೆ ಹೇಳಿಕೊಡುತ್ತಿದ್ದಳು. ಹೊಸಬರು ಮೂರು ದಿನದಲ್ಲಿ ಒಪ್ಪಿಸುತ್ತಿದ್ದರು. ದೊಡ್ಡಮ್ಮ ಅಲ್ಲಿ ಯಾರಿಗೂ ಸಂಬಂಧದಿಂದ ದೊಡ್ಡಮ್ಮನಲ್ಲ. ಆ ಕೋಣೆಗೆ ಹಿರಿಯಳು, ಅಷ್ಟೆ.

ಕಾರ್ಖಾನೆ ಇಂಜೆಕ್ಷನ್ ಔಷಧಿಯದು. ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಸೀಸೆಯಲ್ಲಿ ನೀರಿನಂಥ ಔಷಧಿ ತುಂಬಿ, ರಬ್ಬರ್ ಬಿರಡೆ ಹಾಕಿ, ಮೇಲೆ ತಗಡಿನ ಟೋಪಿ ಒತ್ತಿ ಕಳಿಸಿದರೆ ಅದು ಬರುವುದು ಕಿಟಕಿಯಿಲ್ಲದ ಒಂದು ಕೋಣೆಗೆ. ಎಲ್ಲರೂ ಅದನ್ನು ‘ನೋಡೋ ರೂಮು’ ಎನ್ನುತ್ತಿದ್ದರು. ಅಲ್ಲಿ ಹತ್ತು ಹೆಂಗಸರು, ಹತ್ತು ಗೂಡು. ಒಂದೊಂದು ಗೂಡಿಗೂ ಒಂದು ದೀಪ, ಅರ್ಧ ಕಪ್ಪು ಅರ್ಧ ಬಿಳಿ ಬಳಿದ ಒಂದು ಹಲಗೆ. ಸೀಸೆಯ ಕತ್ತು ಹಿಡಿದು ಮೆಲ್ಲಗೆ ತಿರುಗಿಸಬೇಕು. ಕಪ್ಪಿನ ಮುಂದೆ ಐದು ಸೆಕೆಂಡು, ಬಿಳಿಯ ಮುಂದೆ ಐದು ಸೆಕೆಂಡು. ಒಳಗೆ ಗಾಜಿನ ಚೂರೋ ರಬ್ಬರಿನ ಪುಡಿಯೋ ಬಟ್ಟೆಯ ಎಳೆಯೋ ತೇಲಿದರೆ ಕೆಂಪು ತಟ್ಟೆಗೆ, ಇಲ್ಲದಿದ್ದರೆ ಹಸಿರು ತಟ್ಟೆಗೆ. ಆ ನೀರು ನೇರ ಯಾರದೋ ರಕ್ತಕ್ಕೆ ಹೋಗುವಂಥದ್ದು. ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ’ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ಬರೆಸಿದವನು ಒಂದು ದಿನವೂ ಗೂಡಿನಲ್ಲಿ ಕೂತವನಲ್ಲ.

ನೋಡುವ ತಟ್ಟೆಗೆ ನೂರು ಸೀಸೆ. ಅದರಲ್ಲಿ ಕೆಂಪಿಗೆ ಹೋಗಬೇಕಾದದ್ದು ನಾಲ್ಕು. ಇದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಎಂಟು ಹೋದರೆ ಮೇಲ್ವಿಚಾರಕ ಬಂದು “ಏನ್ರಮ್ಮಾ, ಕಂಪನಿಗೆ ಬೀಗ ಹಾಕಿಸ್ತೀರಾ?” ಅನ್ನುತ್ತಿದ್ದ. ಒಂದೇ ಹೋದರೆ “ನಿದ್ದೆ ಚೆನ್ನಾಗಿ ಬಂತಾ?” ಅನ್ನುತ್ತಿದ್ದ. ನಾಲ್ಕು ಹೋದರೆ ಬರುತ್ತಲೇ ಇರಲಿಲ್ಲ. ಹಾಗಾಗಿ ಹತ್ತು ಜನರದೂ ನಾಲ್ಕು, ಹೆಚ್ಚೆಂದರೆ ಐದು. ಸಂಜೆಯ ಹಾಳೆ ನೋಡಿದವರಿಗೆ ಆ ಹತ್ತು ಮುಖಗಳಿಗೆ ಸೇರಿ ಒಂದೇ ಜೋಡಿ ಕಣ್ಣು ಇದೆ ಎನಿಸಬೇಕು.

ವರ್ಷಕ್ಕೊಮ್ಮೆ ಪರೀಕ್ಷೆ. ಅರವತ್ತು ಸೀಸೆಗಳ ಒಂದು ಪೆಟ್ಟಿಗೆ. ಅದರಲ್ಲಿ ಹನ್ನೆರಡು ಬೇಕೆಂದೇ ದೋಷ ಸೇರಿಸಿ ಸೀಲು ಮಾಡಿದವು. ಯಾವ ಹನ್ನೆರಡು ಎಂಬುದು ತನ್ನ ಕಪಾಟಿನ ಉತ್ತರದ ಹಾಳೆಯೊಂದಕ್ಕೇ ಗೊತ್ತು ಎಂದು ಕ್ವಾಲಿಟಿ ಸಾಹೇಬ ನಂಬಿದ್ದ. ಏಳು ವರ್ಷದಿಂದ ಅದೇ ಪೆಟ್ಟಿಗೆ, ಅದೇ ಹನ್ನೆರಡು. ಒಂದು ತಪ್ಪಾದರೆ ಮಾಫಿ. ಎರಡಾದರೆ ಫೇಲು. ಫೇಲಾದವರು ನೆಲಮಹಡಿಯ ಕಾರ್ಟನ್ ವಿಭಾಗಕ್ಕೆ, ರಟ್ಟಿನ ಡಬ್ಬಿ ಮಡಚಲು.

ಸರಿಯಕ್ಕ ಆರು ಸಲ ಪಾಸಾಗಿದ್ದಳು. ಆರು ಸಲವೂ ಅರವತ್ತಕ್ಕೆ ಅರವತ್ತು. ಒಂದು ಸಲವೂ ಸೀಸೆಯ ಒಳಗೆ ಏನಿದೆ ಎಂದು ನೋಡಿರಲಿಲ್ಲ.

ಅವಳಿಗೆ ಆ ಹೆಸರು ಕೊಟ್ಟದ್ದೂ ದೊಡ್ಡಮ್ಮನೇ. ಏನು ಹೇಳಿದರೂ ‘ಸರಿ’. ಭಾನುವಾರ ಬಾ ಅಂದರೆ ಸರಿ, ನನ್ನ ಪಾಳಿ ನೀನು ಮಾಡು ಅಂದರೆ ಸರಿ. ಕೆಲಸಕ್ಕೆ ಸೇರಿದ ದಿನ ಉಗ್ರಾಣದವನು ಬಿಳಿ ಬೂಟು ಕೊಟ್ಟು “ಆಗುತ್ತಾ?” ಎಂದು ಕೇಳಿದಾಗ ಒಳಗೆ ಬೆರಳುಗಳು ಮಡಚಿಕೊಂಡಿದ್ದವು, “ಸರಿಯಾಗಿದೆ” ಅಂದಿದ್ದಳು. ಆರು ವರ್ಷ ಅವು ಹಾಗೇ ಮಡಚಿಕೊಂಡಿದ್ದವು.

ಮನೆ ಕಾರ್ಖಾನೆಯ ಹಿಂದಿನ ಗೇಟಿಗೆ ಅಂಟಿಕೊಂಡ ಕ್ವಾರ್ಟರ್ಸು. ಎರಡು ಕೋಣೆ, ಒಂದು ಅಡುಗೆಮನೆ. ನೋಡೋ ರೂಮಿನವರಿಗೆ ಮಾತ್ರ ಕೊಡುವ ಮನೆ ಅದು, ಅವಳ ಹೆಸರಿನಲ್ಲಿತ್ತು. ಒಳಕೋಣೆ ಅಕ್ಕ, ಭಾವ, ಅವರ ಇಬ್ಬರು ಹೆಣ್ಣುಮಕ್ಕಳಿಗೆ. ಹೊರಕೋಣೆಯಲ್ಲಿ ಕಿಟಕಿಯ ಪಕ್ಕದ ಬೆಂಚು ಅವಳಿಗೆ. ಕಿಟಕಿ ತೆರೆದರೆ ಕಾರ್ಖಾನೆಯ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಅಕ್ಕ. ಅದನ್ನು ಅಕ್ಕ ಎಂದೂ ಎತ್ತಿ ಆಡಿದವಳಲ್ಲ. ಆಡುವ ಅಗತ್ಯವೇ ಬಿದ್ದಿರಲಿಲ್ಲ. ಮನೆಯಲ್ಲಿ ಅವಳ ಕಣ್ಣಿಗೆ ಭಾರಿ ಉಪಚಾರ. ಹೊಗೆ ತಾಗಬಾರದೆಂದು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಪುಸ್ತಕ ಹಿಡಿದರೆ ಅಕ್ಕ ಬಂದು ಕಿತ್ತಿಡುತ್ತಿದ್ದಳು.

“ನನ್ನ ಕಣ್ಣು ತಾನೇ ಅಕ್ಕ,” ಎಂದು ಒಮ್ಮೆ ಅಂದಿದ್ದಳು.

“ನಿನ್ನೊಬ್ಬಳದಾ? ಐದು ಜನರ ಸೂರು ಅದರ ಮೇಲೆ ನಿಂತಿದೆ.”

ಸರಿ, ಅಂದಿದ್ದಳು.

ಈ ಸಲದ ಪರೀಕ್ಷೆಗೆ ಆರು ವಾರವಿರುವಾಗ ಯಾವುದೋ ಆಸ್ಪತ್ರೆಯಿಂದ ದೂರು ಬಂತು, ಸೀಸೆಯಲ್ಲಿ ಕೂದಲಿನಂಥದ್ದು ಇತ್ತೆಂದು. ಕಂಪನಿ ಹೊಸ ದೀಪ ಹಾಕಿಸಲಿಲ್ಲ, ಜನ ಹೆಚ್ಚಿಸಲಿಲ್ಲ. ಗಮನ ಹೆಚ್ಚಿಸಲು ಒಬ್ಬ ಮೇಷ್ಟ್ರನ್ನು ಕರೆಸಿತು. ಪ್ರತಿ ಬುಧವಾರ ಊಟ ಆದಮೇಲೆ ಮುಕ್ಕಾಲು ಗಂಟೆ, ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಉಸಿರು ಗಮನಿಸುವುದು.

“ಕಣ್ಣು ಬಿಡೋ ಕೆಲಸಕ್ಕೆ ಕಣ್ಣು ಮುಚ್ಚೋ ಪಾಠ,” ಅಂದಳು ದೊಡ್ಡಮ್ಮ. “ಹೋಗ್ಲಿ ಬಿಡ್ರೇ. ಕೂತಲ್ಲೇ ಒಂದು ನಿದ್ದೆ ಆಗುತ್ತೆ.”

ಉಸಿರು ಮೇಷ್ಟ್ರಿಗೆ ಆರು ವಾರವೂ ನೆಗಡಿ. ಉಸಿರು ಕಲಿಸಲು ಬಂದವನಿಗೇ ಮೂಗು ಕಟ್ಟಿದ್ದು ನೋಡಿ ಮೊದಲ ದಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಆತ ನಾಟಕದ ಮನುಷ್ಯನಲ್ಲ. ಮೆತ್ತಗಿನ ದನಿ ಮಾಡುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳುತ್ತಿದ್ದ: “ಈಗ ಏನಿದೆ ಅಂತ ನೋಡಿ. ಏನಿರಬೇಕು ಅಂತಲ್ಲ. ಏನಿದೆ, ಅದು.”

ಎರಡನೇ ಬುಧವಾರ ಕೊನೆಗೆ ಒಬ್ಬೊಬ್ಬರನ್ನೇ ಕೇಳಿದ, ಏನು ಕಂಡಿತು ಎಂದು. ಶಾಂತಿ, ಅಂದಳು ದೊಡ್ಡಮ್ಮ, ಆಗ ತಾನೇ ಗೊರಕೆಯಿಂದ ಎದ್ದವಳು. ಶಾಂತಿ. ಶಾಂತಿ. ಬಹಳ ಶಾಂತಿ ಸಾರ್. ಏಳನೆಯವಳು ಸರಿಯಕ್ಕ. ಆ ಪದ ಅವಳ ನಾಲಿಗೆಯ ಮೇಲೂ ಬಂದು ಕೂತಿತ್ತು. ಅದು ತಾನಾಗಿ ಬಂದು ಕೂತಿರುವುದು, ತಾನು ಕರೆದದ್ದಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಕಂಡಿತು.

“ಎಡಗಾಲು ನೋಯ್ತಿದೆ,” ಅಂದಳು.

ಯಾರೋ ಕಿಸಕ್ಕನೆ ನಕ್ಕರು.

“ಯಾಕೆ?” ಅಂದ ಮೇಷ್ಟ್ರು.

“ಬೂಟು ಚಿಕ್ಕದು.”

“ಎಷ್ಟು ದಿನದಿಂದ?”

“ಆರು ವರ್ಷ.”

ಆತ ಅವಳನ್ನು ಒಮ್ಮೆ ನೋಡಿದ. “ಉಗ್ರಾಣ ಎಷ್ಟು ಗಂಟೆವರೆಗೆ ತೆಗೆದಿರುತ್ತೆ?” ಅಂತಷ್ಟೇ ಕೇಳಿದ.

ಉಗ್ರಾಣದವನು ಹಳೆಯದು ಇಸಕೊಂಡು ಹೊಸದು ಕೊಡಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. “ಮೊದಲೇ ಬಾಯಿ ಬಿಡೋದಲ್ವೇನಮ್ಮ,” ಅಂದ. ಸರಿಯಕ್ಕನಿಗೆ ಖುಷಿಯಾಗಲಿಲ್ಲ, ಭಯವಾಯಿತು. ಒಂದು ನಿಮಿಷದ ಮಾತಿಗೆ ಆರು ವರ್ಷ ಕಾಲು ಮಡಚಿಕೊಂಡಿದ್ದವಳು ಇನ್ನು ಏನೇನನ್ನು ಹೀಗೆ ಮಡಚಿಟ್ಟುಕೊಂಡಿದ್ದೇನೋ.

ಆಮೇಲಿನ ವಾರಗಳಲ್ಲಿ ಅವಳು ಗೂಡಿನಲ್ಲಿ ತನ್ನನ್ನೇ ಗಮನಿಸತೊಡಗಿದಳು. ಕಂಡದ್ದು ಸುಖದ ವಿಷಯವಾಗಿರಲಿಲ್ಲ. ನಾಲ್ಕನೇ ಸೀಸೆ ಕೆಂಪು ತಟ್ಟೆಗೆ ಹೋದ ಕೂಡಲೇ ತನ್ನ ಕಣ್ಣು ನೋಡುವುದನ್ನು ನಿಲ್ಲಿಸುತ್ತಿತ್ತು. ಕೈ ತಿರುಗಿಸುತ್ತಿತ್ತು, ಕಣ್ಣು ಗಾಜಿನ ಮೇಲಿರುತ್ತಿತ್ತು, ನೋಡುವವರು ಯಾರೂ ಇರುತ್ತಿರಲಿಲ್ಲ. ಸಾಲದ್ದಕ್ಕೆ, ತಟ್ಟೆ ಮುಗಿಯುತ್ತ ಬಂದರೂ ನಾಲ್ಕಾಗದಿದ್ದರೆ ಕೈ ತಾನಾಗಿ ಒಂದು ಒಳ್ಳೆಯ ಸೀಸೆಯನ್ನು ಕೆಂಪಿಗೆ ಎಸೆಯುತ್ತಿತ್ತು. ಅವಳು ಲೆಕ್ಕ ಬಿಟ್ಟು ನೋಡಲು ಹೊರಟಳು. ಒಂದು ತಟ್ಟೆಯಲ್ಲಿ ಒಂಬತ್ತು, ಇನ್ನೊಂದರಲ್ಲಿ ಸೊನ್ನೆ. ಮೇಲ್ವಿಚಾರಕ ಎರಡು ಸಲ ಬಂದು ಹೋದ.

“ಊರಿಗೊಂದು ದಾರಿ, ನಿನಗೊಂದು ದಾರಿನಾ?” ಅಂದಳು ದೊಡ್ಡಮ್ಮ ಪಕ್ಕದ ಗೂಡಿನಿಂದ. “ತಟ್ಟೆಗೆ ನಾಲ್ಕು ಕಣೆ. ಹತ್ತರ ಜೊತೆ ಹನ್ನೊಂದಾಗಿ ಇದ್ದುಬಿಡು.”

ಶಾಂತಿ ಬರಲಿಲ್ಲ. ಗೂಡು ಮೊದಲಿಗಿಂತ ಇಕ್ಕಟ್ಟಾಯಿತು. ಕಂಡದ್ದು ನಿಜಕ್ಕೂ ಚೂರೇ, ಇಲ್ಲಾ ದೀಪದ ಮಿಂಚೇ? ಕಾಣದ್ದು ನಿಜಕ್ಕೂ ಇಲ್ಲವೇ, ಇಲ್ಲಾ ತನಗೆ ಕಾಣುತ್ತಿಲ್ಲವೇ? ಕೇಳಲು ಯಾರೂ ಇರಲಿಲ್ಲ. ಆರು ವರ್ಷ ಕಣ್ಣಿನಿಂದ ಬದುಕಿದವಳಿಗೆ ತನ್ನ ಕಣ್ಣು ಒಳ್ಳೆಯದೋ ಕೆಟ್ಟದ್ದೋ ಎಂಬುದೇ ಗೊತ್ತಿರಲಿಲ್ಲ. ಗೊತ್ತಾಗುವ ಒಂದೇ ದಾರಿಯೆಂದರೆ ಆ ಪರೀಕ್ಷೆ. ಅದಕ್ಕೆ ಪಟ್ಟಿ ಅಡ್ಡ ಕೂತಿತ್ತು.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಹಾಳೆಯ ಮೇಲೆ ಪಟ್ಟಿಯಂತೆಯೇ ಬರೆಯುವುದು; ಅದರಲ್ಲಿ ಎರಡು ಮಾತಿಲ್ಲ, ಮನೆ ಉಳಿಯಬೇಕು. ಆದರೆ ಬರೆಯುತ್ತ ಬರೆಯುತ್ತ ಸೀಸೆಯನ್ನೂ ನೋಡುವುದು. ಪಟ್ಟಿ ಮೂರು ಅನ್ನುತ್ತದೆ, ಮೂರರಲ್ಲಿ ತನಗೆ ಕಾಣುತ್ತದೋ ಇಲ್ಲವೋ? ಕೈ ಕಂಪನಿಗೆ, ಕಣ್ಣು ತನಗೆ. ಯಾರಿಗೂ ನಷ್ಟವಿಲ್ಲ.

ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಅವಳ ಸರದಿ ಕೊನೆಗೆ ಬಂತು. ಒಂಬತ್ತು ಜನ ಹೋಗಿ ಬಂದರು, ಒಂಬತ್ತು ಜನರೂ ಅರವತ್ತಕ್ಕೆ ಅರವತ್ತು. ಕ್ವಾಲಿಟಿ ಸಾಹೇಬ ಗೂಡಿನ ಪಕ್ಕ ಕುರ್ಚಿ ಹಾಕಿಕೊಂಡು ಸೆಕೆಂಡಿನ ಗಡಿಯಾರ ಹಿಡಿದು ಕೂತಿದ್ದ. ಊಟದ ಹೊತ್ತು ಹತ್ತಿರವಾಗಿ ಅವನ ಹೊಟ್ಟೆ ಸಣ್ಣಗೆ ಗುರುಗುಟ್ಟುತ್ತಿತ್ತು.

ಒಂದು ಸರಿ, ಎರಡು ಸರಿ. ಮೂರರಲ್ಲಿ ಒಂದು ಎಳೆ ಬಳುಕುತ್ತ ಎದ್ದು ಬಂತು. ಅವಳ ಎದೆ ಹಗುರಾಯಿತು. ಎಂಟರಲ್ಲಿ ಸಾಸಿವೆಯ ಕಾಲುಭಾಗದಷ್ಟು ಕಪ್ಪು ರಬ್ಬರ್ ಪುಡಿ. ಅದೂ ಕಂಡಿತು. ನಡುವಿನ ಸೀಸೆಗಳು ತಿಳಿನೀರು. ಹಾಗಾದರೆ ಕಣ್ಣಿದೆ, ಅಂದುಕೊಂಡಳು.

ಹದಿನೇಳಕ್ಕೆ ಬರುವಾಗ ಕೈ ಆಗಲೇ ‘ದೋಷ’ ಎಂದು ಬರೆದು ಮುಗಿಸಿತ್ತು. ಸೀಸೆ ಎತ್ತಿ ತಿರುಗಿಸಿದಳು. ಕಪ್ಪಿನ ಮುಂದೆ ಏನೂ ಇಲ್ಲ. ಬಿಳಿಯ ಮುಂದೆ ಏನೂ ಇಲ್ಲ. ಎರಡನೇ ಸಲ ನೋಡಲು ಅವಕಾಶವಿತ್ತು, ನೋಡಿದಳು. ನೀರು ಸುತ್ತಿ ಸುತ್ತಿ ನಿಂತಿತು, ಖಾಲಿ. ಹೋಯಿತು ನನ್ನ ಕಣ್ಣು, ಅಂದುಕೊಂಡಳು.

ಹದಿನೆಂಟು. ಪಟ್ಟಿಯ ಪ್ರಕಾರ ಸರಿ. ಕಪ್ಪಿನ ಮುಂದೆ ಹಿಡಿದ ಕೂಡಲೇ ತಳದಿಂದ ಒಂದು ಮಿಂಚು ಎದ್ದು, ಮಗುಚಿ, ಮತ್ತೆ ಮಿಂಚಿ ಕೆಳಗಿಳಿಯಿತು. ಮೀನಿನ ಪೊರೆಯಂಥ ಗಾಜಿನ ಚಕ್ಕೆ. ಮತ್ತೆ ತಿರುಗಿಸಿದಳು. ಮತ್ತೆ ಎದ್ದಿತು. ಹದಿನೆಂಟರ ಮುಂದೆ ಏನೂ ಬರೆಯದೆ ಮುಂದಕ್ಕೆ ಹೋದಳು.

ಉಳಿದ ಒಂಬತ್ತು ದೋಷಗಳೂ ಪಟ್ಟಿ ಹೇಳಿದಲ್ಲೇ ಇದ್ದವು, ಒಂದೊಂದನ್ನೂ ಅವಳ ಕಣ್ಣು ಹಿಡಿಯಿತು. ಅರವತ್ತು ಮುಗಿದಾಗ ಲೆಕ್ಕ ಸರಳವಾಗಿತ್ತು. ಐವತ್ತೆಂಟು ಸೀಸೆಗಳ ಮಟ್ಟಿಗೆ ಕಣ್ಣು, ಪಟ್ಟಿ ಎರಡೂ ಒಂದೇ ಮಾತು ಹೇಳುತ್ತಿದ್ದವು. ಅಂಥ ಕಣ್ಣು ಎರಡರಲ್ಲಿ ಮಾತ್ರ ಕುರುಡಾಗುತ್ತದೆಯೇ? ಏಳು ವರ್ಷ ಎಂದರೆ ಸೀಸೆಗೂ ವಯಸ್ಸು. ಹದಿನೇಳರ ಕಣ ಬಿರಡೆಯ ಅಡಿಗೆ ಹೋಗಿ ಅಂಟಿಕೊಂಡಿರಬೇಕು; ಹದಿನೆಂಟರ ಗಾಜು ಒಳಗಿನಿಂದ ಚಕ್ಕೆ ಎದ್ದಿರಬೇಕು. ಪೆಟ್ಟಿಗೆ ಬದಲಾಗಿದೆ, ಪಟ್ಟಿ ಬದಲಾಗಿಲ್ಲ. ಯಾರಿಗೂ ಗೊತ್ತಾಗದಿರಲು ಒಂದೇ ಕಾರಣ: ಇಷ್ಟು ವರ್ಷ ಯಾರೂ ನೋಡಿಲ್ಲ.

ಹದಿನೇಳರ ‘ದೋಷ’ದ ಮೇಲೆ ನಿಯಮದಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಸರಿ’ ಎಂದು ಬರೆದು ಸಹಿ ಹಾಕಿದಳು. ಹದಿನೆಂಟರ ಮುಂದೆ ‘ದೋಷ’ ಎಂದು ಬರೆದಳು. ಧೈರ್ಯವೇನೂ ಮಾಡಿರಲಿಲ್ಲ, ಲೆಕ್ಕದ ಬಿಸಿಯಲ್ಲಿ ಕೈ ಓಡಿತ್ತು. ಹಾಳೆ ಸಾಹೇಬನ ಕೈಗೆ ಹೋದ ಮೇಲೆ ಮನೆ ನೆನಪಾಯಿತು.

ಸಾಹೇಬ ಉತ್ತರದ ಹಾಳೆಯ ಪಕ್ಕ ಇಟ್ಟು ಬೆರಳು ಓಡಿಸಿದ. ಬೆರಳು ನಿಂತಿತು.

“ಹದಿನೇಳನ್ನ ಮೊದಲು ದೋಷ ಅಂತ ಬರೆದಿದ್ರಿ.”

“ನೋಡೋಕ್ ಮುಂಚೆ ಬರೆದೆ ಸಾರ್.”

“ನೋಡೋಕ್ ಮುಂಚೆ ಹೇಗ್ರೀ ಬರೀತಾರೆ?”

ಸಾಹೇಬನಿಗೆ ಉತ್ತರ ಬೇಡವಾಗಿತ್ತು ಎಂಬುದು ಮುಖದಲ್ಲಿ ಕಾಣುತ್ತಿತ್ತು. ಕನ್ನಡಕ ಹಣೆಗೇರಿಸಿ ಹದಿನೇಳನ್ನು ತಾನೇ ದೀಪಕ್ಕೆ ಹಿಡಿದ. ಆಮೇಲೆ ಹದಿನೆಂಟನ್ನು. ತುಂಬ ಹೊತ್ತು ನೋಡಿ ಕೆಳಗಿಟ್ಟ.

“ಏನು ಕಾಣ್ತು ಸಾರ್?”

“ನನಗೆ ಕಂಡ್ರೆಷ್ಟು ಬಿಟ್ರೆಷ್ಟು. ನಾನು ಪರೀಕ್ಷೆ ಪಾಸು ಮಾಡಿದವನಲ್ಲ. ನೋಡೋದು ನಿಮ್ಮ ಕೆಲಸ, ಹೋಲಿಸೋದು ನನ್ನ ಕೆಲಸ.”

“ಆ ಎರಡನ್ನ ಲ್ಯಾಬಿನಲ್ಲಿ ತೆಗೆದು ಸೋಸಿ ನೋಡಬಹುದಲ್ಲ.”

“ಸೀಲು ಒಡೆದ್ರೆ ಪೆಟ್ಟಿಗೆ ಹೋಯ್ತು. ಪೆಟ್ಟಿಗೆ ಹೋದ್ರೆ ಅದರ ಮೇಲೆ ಮಾಡಿದ ಪರೀಕ್ಷೆ ಎಲ್ಲ ಹೋಯ್ತು. ಆಮೇಲೆ ನೀವು ಹತ್ತು ಜನ, ಹನ್ನೊಂದನೆಯವನು ನಾನು.” ಗಡಿಯಾರ ಜೇಬಿಗಿಳಿಸಿದ. “ಹಸಿವು, ಸುಸ್ತು. ಆಗುತ್ತೆ. ಮೂರು ಗಂಟೆಗೆ ಬಂದು ಇನ್ನೊಮ್ಮೆ ಮಾಡಿ, ಈ ಹಾಳೆ ಹರಿದು ಹಾಕ್ತೀನಿ. ಒಂದು ತಪ್ಪಿಗೆ ಮಾಫಿ ಇದೆ. ಒಂದಕ್ಕೆ. ಅರ್ಥ ಆಯ್ತಲ್ಲ?”

ಅವಳು ಕೈ ತೊಳೆಯುವ ಜಾಗಕ್ಕೆ ಬರುವಷ್ಟರಲ್ಲಿ ದೊಡ್ಡಮ್ಮ ಅಲ್ಲಿ ನಿಂತಿದ್ದಳು. ಸುದ್ದಿಗೆ ಕಾಲು ಬಂದಾಗಿತ್ತು.

“ಹದಿನೇಳರಲ್ಲಿ ಇದೆ,” ಅಂದಳು ದೊಡ್ಡಮ್ಮ. “ನಾನು ನಿನಗೆ ಹೇಳಿಕೊಟ್ಟವಳು.”

“ಇಲ್ಲ ದೊಡ್ಡಮ್ಮ.”

“ಬಾಯಿ ಬಿಟ್ರೆ ಬಣ್ಣಗೇಡು ಅಂತ ಕೇಳಿಲ್ವಾ? ನಿನ್ನ ಬಣ್ಣ ಮಾತ್ರ ಹೋಗಲ್ಲ, ನಮ್ಮೆಲ್ಲರದೂ ಹೋಗುತ್ತೆ. ಮುಖ ತೊಳ್ಕೊ. ಹೋಗಿ ಬರಿ.”

ಮನೆಯಲ್ಲಿ ಅಕ್ಕ ಊಟ ಹಾಕಿಟ್ಟು ಬಾಗಿಲಲ್ಲೇ ಕಾದಿದ್ದಳು. ಪಕ್ಕದ ಮನೆಯವಳು ಎಲ್ಲ ಹೇಳಿಯಾಗಿತ್ತು. ಅಕ್ಕ ಕೂಗಾಡಲಿಲ್ಲ. ತಂಗಿಯ ತಟ್ಟೆಯ ಮುಂದೆ ಕೂತು, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು.

“ಪುಟ್ಟಿ, ಅದರಲ್ಲಿ ಚೂರಿದ್ರೆ ಎಷ್ಟು, ಇಲ್ಲದಿದ್ರೆ ಎಷ್ಟು? ಅದನ್ನ ಯಾರಿಗಾದ್ರೂ ಚುಚ್ಚುತ್ತಾರಾ? ಪರೀಕ್ಷೆ ಪೆಟ್ಟಿಗೆ ತಾನೇ.”

ನಿಜ, ಯಾರಿಗೂ ಚುಚ್ಚುವುದಿಲ್ಲ, ಅಂದುಕೊಂಡಳು ಸರಿಯಕ್ಕ.

“ಎಲ್ಲರೂ ಬರೆದ ಹಾಗೆ ಬರೆದು ಬಾ. ನಿನ್ನನ್ನ ನಾನು ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?”

ಕೇಳಿರಲಿಲ್ಲ. ಕೇಳದೆಯೇ ಎಲ್ಲ ನಡೆದಿತ್ತು. ಅಡಕತ್ತರಿಯಲ್ಲಿ ಸಿಕ್ಕ ಹಾಗೆ ಕೂತು ಅವಳು ತುತ್ತು ನುಂಗಿದಳು. ನುಂಗುತ್ತ ಒಂದು ರಾಜಿ ಮಾಡಿಕೊಂಡಳು. ಹದಿನೇಳಕ್ಕೆ ನಿಜ ಬರೆಯುವುದು, ಹದಿನೆಂಟಕ್ಕೆ ಪಟ್ಟಿಯಂತೆ ಬರೆಯುವುದು. ಒಂದೇ ತಪ್ಪು, ಮಾಫಿ. ಮನೆಯೂ ಉಳಿಯುತ್ತದೆ, ಒಂದು ನಿಜವೂ ಉಳಿಯುತ್ತದೆ. ಸಾಹೇಬ ಹೇಳಿದ್ದೂ ಅದನ್ನೇ ಇರಬೇಕು. “ಸರಿ ಅಕ್ಕ,” ಅಂದಳು. ಅಕ್ಕ ಅವಳ ತಟ್ಟೆ ತಾನೇ ಎತ್ತಿಕೊಂಡು ಹೋದಳು.

ಮೂರು ಗಂಟೆಗೆ ನೋಡೋ ರೂಮಿನಲ್ಲಿ ಸಾಹೇಬ ಮತ್ತು ಅವಳು, ಇಬ್ಬರೇ. ಹೊಸ ಹಾಳೆ. ಹದಿನಾರರವರೆಗೆ ಪೆನ್ನು ನಿಲ್ಲಲಿಲ್ಲ. ಹದಿನೇಳು ಬೆಳಗ್ಗೆಯಂತೆಯೇ ಖಾಲಿ. ‘ಸರಿ’ ಎಂದು ಬರೆದಳು. ಸಾಹೇಬ ಕತ್ತು ಚಾಚಿ ನೋಡಿ ಮೆಲ್ಲಗೆ ತಲೆಯಾಡಿಸಿದ: ಒಂದು ಆಯಿತು.

ಹದಿನೆಂಟು. ಚಕ್ಕೆ ಎದ್ದಿತು, ಮಗುಚಿತು, ಮಿಂಚಿತು. ಪೆನ್ನು ಹಾಳೆಯ ಮೇಲಿತ್ತು. ಬರೆಯಬೇಕಾದ ಪದ ಯಾವುದೆಂದು ಗೊತ್ತಿತ್ತು, ಊಟದ ತಟ್ಟೆಯ ಮುಂದೆ ನಿರ್ಧಾರವಾದದ್ದು. ಆದರೂ ಕೈ ಏಳಲಿಲ್ಲ. ಯಾಕೆ ಎಂದು ನೋಡಿದಳು. ಉಸಿರು ನಿಂತಿತ್ತು. ಭುಜ ಕಿವಿಯ ಹತ್ತಿರ ಬಂದಿತ್ತು. ಹೊಟ್ಟೆಯಲ್ಲಿ ಹೆದರಿಕೆ ಇತ್ತು, ಕಲ್ಲಿನಷ್ಟು ಗಟ್ಟಿಯಾಗಿ. ಅಕ್ಕನ ಮುಖ ಇತ್ತು, ಒಳಕೋಣೆಯಲ್ಲಿ ಮಲಗುವ ಇಬ್ಬರು ಮಕ್ಕಳಿದ್ದರು, ದೊಡ್ಡಮ್ಮನ ಮಾತಿತ್ತು. ಇವೆಲ್ಲ ನಿಜ. ಇವುಗಳಲ್ಲಿ ಯಾವುದನ್ನೂ ಅವಳು ಕಲ್ಪಿಸಿಕೊಂಡಿರಲಿಲ್ಲ.

ಹೆದರಿಕೆ ಇತ್ತು. ಚೂರೂ ಇತ್ತು. ಒಂದು ಇದೆ ಅಂದ ಮಾತ್ರಕ್ಕೆ ಇನ್ನೊಂದು ಇಲ್ಲವಾಗುವುದಿಲ್ಲ.

ಇದನ್ನು ಇವತ್ತು ‘ಸರಿ’ ಎಂದು ಬರೆದರೆ ನಾಳೆ ಬೆಳಗ್ಗೆ ನಿಜವಾದ ತಟ್ಟೆ ಬಂದು ಕೂರುತ್ತದೆ. ಆಗ ಈ ಕಣ್ಣು ಹೇಳಿದ್ದನ್ನು ತಾನು ಯಾವ ಮುಖ ಇಟ್ಟುಕೊಂಡು ನಂಬುವುದು? ಮತ್ತೆ ತಟ್ಟೆಗೆ ನಾಲ್ಕು. ನಿವೃತ್ತಿಯವರೆಗೆ ತಟ್ಟೆಗೆ ನಾಲ್ಕು.

‘ದೋಷ’ ಎಂದು ಬರೆದಳು. ಉಳಿದ ನಲವತ್ತೆರಡನ್ನೂ ನೋಡಿ ಮುಗಿಸಿದಳು.

ಸಾಹೇಬ ಹಾಳೆಯನ್ನು ತಿರುಗಿಸಿ ಅವಳ ಮುಂದಿಟ್ಟ. “ನಾನು ದಾರಿ ಬಿಟ್ಟುಕೊಟ್ಟಿದ್ದೆ,” ಅಂದ. ಸಿಟ್ಟಿರಲಿಲ್ಲ, ಬೇಸರವಿತ್ತು.

“ಹೌದು ಸಾರ್.”

“ನೀವು ಹೇಳಿದ್ದು ನಿಜ ಇರಬಹುದು. ಆದ್ರೆ ಹಾಳೆ ಪ್ರಕಾರ ಫೇಲು.” ಅನರ್ಹ ಎಂಬಲ್ಲಿ ಗುರುತು ಹಾಕಿದ. “ನಾಳೆಯಿಂದ ಕಾರ್ಟನ್. ಮನೆಗೆ ನಿಯಮದಂತೆ ಮೂವತ್ತು ದಿನ ಟೈಮ್ ಇರುತ್ತೆ. ಏನಾದ್ರೂ ಹೇಳೋದಿದ್ಯಾ?”

“ಷರಾ ಅಂತ ಒಂದು ಜಾಗ ಇದೆಯಲ್ಲ ಸಾರ್, ಅಲ್ಲಿ ಬರೀಬಹುದಾ?”

ಬೇಡ ಅನ್ನಲು ನಿಯಮವಿರಲಿಲ್ಲ. ಅವಳು ಬರೆದಳು: ‘ಹದಿನೇಳು ಖಾಲಿ. ಹದಿನೆಂಟರಲ್ಲಿ ಗಾಜಿದೆ. ತೆರೆದು ಸೋಸಿ ನೋಡಬೇಕು.’ ಸಹಿ ಹಾಕಿದಳು. ಸಾಹೇಬ ಓದಿ, ಹಾಳೆಯನ್ನು ಕಡತದ ತಳಕ್ಕೆ ಸೇರಿಸಿದ. ಸೀಸೆ ತೆರೆಸುವವನಂತೆ ಕಾಣಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಉಳಿದವರೆಲ್ಲ ಮಾತಾಡಿಸದೆ ಹೊರಟುಹೋದರು. ದೊಡ್ಡಮ್ಮ ಮಾತ್ರ ಬೆಂಚಿನ ಮೇಲೆ ಕೂತೇ ಇದ್ದಳು.

“ನನ್ನ ಹೆಸರು ಹೇಳಿದ್ಯಾ?”

“ಇಲ್ಲ.”

“ಪಟ್ಟಿ?”

“ಅವರು ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ.”

“ಹಾಳಾಗಿ ಹೋಗು,” ಅಂದಳು ದೊಡ್ಡಮ್ಮ. ಎದ್ದು ಬಾಗಿಲವರೆಗೆ ಹೋದವಳು ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ವಾಪಸು ಬಂದಳು. ದನಿ ಇಳಿಸಿ ಕೇಳಿದಳು. “ಹದಿನೇಳರಲ್ಲಿ ನಿಜವಾಗ್ಲೂ ಏನೂ ಇಲ್ವೇನೆ?”

“ಏನೂ ಇಲ್ಲ ದೊಡ್ಡಮ್ಮ. ನಾಲ್ಕು ಸಲ ನೋಡಿದೆ. ಸಾಹೇಬರೂ ನೋಡಿದ್ರು.”

ದೊಡ್ಡಮ್ಮ ಕೂತಳು. “ಹೋದ ವರ್ಷ ಏನೋ ಬುದ್ಧಿ ಬಂದು ಅದನ್ನ ಎತ್ತಿ ನೋಡಿದೆ. ಏನೂ ಕಾಣ್ಲಿಲ್ಲ. ಪಟ್ಟಿಲಿ ಇದೆ, ನನಗೆ ಕಾಣ್ತಿಲ್ಲ ಅಂದ್ರೆ ಕಣ್ಣು ಹೋಯ್ತು ಅಂದ್ಕೊಂಡೆ. ಬೇರೆ ಯಾವುದನ್ನೂ ನೋಡೋ ಧೈರ್ಯ ಬರಲಿಲ್ಲ.” ಅವಳು ತನ್ನ ಅಂಗೈಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡಳು. “ಒಂದು ವರ್ಷದಿಂದ ಸೂಜಿ ಮುಟ್ಟಿಲ್ಲ ಕಣೆ. ರಸ್ತೆ ದಾಟೋಕೆ ಮಗಳ ಕೈ ಹಿಡ್ಕೊಳ್ತೀನಿ. ಡಾಕ್ಟರ ಹತ್ರ ಹೋಗೋಕೂ ಭಯ, ಬರೆದುಕೊಟ್ಟುಬಿಟ್ರೆ ಕೆಲಸ ಹೋಗುತ್ತಲ್ಲ ಅಂತ.”

ಸರಿಯಕ್ಕ ಗೋಡೆಯ ಸೂಚನಾ ಫಲಕದಲ್ಲಿ ಅತಿ ಸಣ್ಣ ಅಕ್ಷರದ ಒಂದು ಸಾಲಿನತ್ತ ಕೈ ತೋರಿಸಿದಳು. “ಅದನ್ನ ಓದಿ.”

ದೊಡ್ಡಮ್ಮ ಕೂತಲ್ಲಿಂದಲೇ ತಡವರಿಸದೆ ಓದಿದಳು. ಓದಿ ಮುಗಿಸಿ ನಗಲಿಲ್ಲ, ಅಳಲಿಲ್ಲ. ಚೀಲ ಹೆಗಲಿಗೇರಿಸಿದಳು.

“ನಾನೇನೂ ಸಾಹೇಬರ ಹತ್ರ ಹೋಗಿ ಹೇಳಲ್ಲ,” ಅಂದಳು. “ನನಗಿನ್ನು ಒಂದೂವರೆ ವರ್ಷ ಇದೆ. ನಿನಗೆ ನಾನು ಇದಕ್ಕಿಂತ ಹೆಚ್ಚು ಆಗಲ್ಲ.”

“ಗೊತ್ತು.”

ದೊಡ್ಡಮ್ಮ ಒಬ್ಬಳೇ ಮೆಟ್ಟಿಲಿಳಿದು ಹೋದಳು. ಕಂಬಿ ಹಿಡಿಯಲಿಲ್ಲ.

ಮನೆಯಲ್ಲಿ ಒಳಕೋಣೆಯ ಬಾಗಿಲು ಮುಚ್ಚಿತ್ತು. ಗೋಡೆ ತೆಳು. ಅಕ್ಕ, ಭಾವ ಮಾತಾಡುತ್ತಿದ್ದದ್ದು ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಮಕ್ಕಳ ಶಾಲೆ ದೂರವಾಗುತ್ತದೆ. ಇಂಥ ಜಾಗದಲ್ಲಿ ಬೇರೆ ಮನೆ ಯಾರು ಕೊಡುತ್ತಾರೆ. ತುಂಬ ಹೊತ್ತಿನ ಮೇಲೆ ಭಾವ ಹೊರಗೆ ಬಂದು ಬೆಂಚಿನ ಆ ತುದಿಯಲ್ಲಿ ಕೂತ. ಬಸ್ ಡಿಪೋದಲ್ಲಿ ದಿನವಿಡೀ ಜನರನ್ನು ಸಮಾಧಾನ ಮಾಡುವ ಮನುಷ್ಯ, ದನಿ ಏರಿಸಿ ಗೊತ್ತಿಲ್ಲ.

“ನಾಳೆ ಬೆಳಗ್ಗೆ ನಾನೂ ಬರ್ತೀನಿ ಪುಟ್ಟಿ. ಸಾಹೇಬರನ್ನ ನೋಡೋಣ. ತಲೆ ಸರಿ ಇರಲಿಲ್ಲ, ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು. ಅಷ್ಟೇ. ಮಿಕ್ಕಿದ್ದು ನಾನು ಮಾತಾಡ್ತೀನಿ.”

ನಾಲಿಗೆಯ ಮೇಲೆ ಆ ಹಳೆಯ ಪದ ಬಂದು ಕೂತದ್ದು ಅವಳಿಗೆ ಕಂಡಿತು. ಅದನ್ನು ಬೈಯಲಿಲ್ಲ. ಅದು ಅಲ್ಲೇ ಇರಲಿ ಎಂದು ಬಿಟ್ಟಳು.

“ತಪ್ಪಾಗಿದ್ರೆ ಹೇಳ್ತಿದ್ದೆ ಭಾವ.”

“ಒಂದು ಮಾತಮ್ಮ. ಬಾಯಿ ಸವೆಯುತ್ತಾ?”

“ಹೇಳಲ್ಲ ಭಾವ. ನೀವು ಬರೋದೂ ಬೇಡ. ಕಾರ್ಟನ್ನಿನವರಿಗೆ ಏಳಕ್ಕೇ ಶುರು, ನಾನು ಬೇಗ ಹೋಗಬೇಕು.”

ಬಾಗಿಲಲ್ಲಿ ಅಕ್ಕ ನಿಂತಿದ್ದಳು. “ನಾವು ಎಲ್ಲಿಗೆ ಹೋಗೋದು?” ಅಂದಳು. “ಅದನ್ನೂ ಬರೆದು ಬಂದ್ಯಾ ಅಲ್ಲಿ?”

“ಗೊತ್ತಿಲ್ಲ ಅಕ್ಕ. ಮೂವತ್ತು ದಿನ ಇದೆ, ಹುಡುಕ್ತೀನಿ. ನಿನ್ನನ್ನ ಇಲ್ಲಿಂದ ಎಬ್ಬಿಸಿದವಳು ನಾನೇ, ಅದು ಹೌದು.”

ಅಕ್ಕ ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ. ಅಡುಗೆಮನೆಗೆ ಹೋಗಿ, ತಟ್ಟೆಗೆ ಬಡಿಸಿ ತಂದು, ಬೆಂಚಿನ ಮೇಲೆ ಸದ್ದಾಗುವಂತೆ ಕುಕ್ಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವನೂ ಹಿಂದೆಯೇ ಹೋದ. ಗೋಡೆಯ ಆಚೆ ಮತ್ತೆ ಮಾತು ಶುರುವಾಯಿತು. ಈ ಸಲ ಅವಳಿಗೆ ಕೇಳಿಸಬಾರದೆಂದು ಮೆಲ್ಲಗೆ.

ಹೊಟ್ಟೆಯಲ್ಲಿ ಕಲ್ಲು ಇದ್ದಲ್ಲೇ ಇತ್ತು. ಹಸಿವೂ ಇತ್ತು. ಅವಳು ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ತಿಂದಳು.